ನಾಯಿಗೆ ಕೇಸರಿಬಾತ್ ಬೇಡ

ಯಲಹಂಕ ಉಪನಗರದಲ್ಲಿ ಸಂಜೆ ನಡೆಯಲು ಹೊರಟರೆ ನಾಯಿಗಳಿಗೆ ತಿನಿಸು ಹಂಚುವವರು ಒಬ್ಬರಾದರೂ ಎದುರಾಗುತ್ತಾರೆ. "ಮನೆಯಲ್ಲೇ ಮಾಡಿದ್ದು ಮೇಷ್ಟ್ರೇ, ಅದರ ದೇಹಕ್ಕೆ ಏನು ಬೇಕೋ ಅದನ್ನೇ ಅದು ಕೇಳುತ್ತದೆ" ಎಂಬ ಮಾತನ್ನು ನನ್ನ ಹಳೆಯ ವಿದ್ಯಾರ್ಥಿಗಳ ಬಾಯಿಂದಲೂ ಕೇಳಿದ್ದೇನೆ. ಇದನ್ನು ನಾನು ಒಪ್ಪಲಾರೆ.

ನಾಯಿ ಬಾಲ ಅಲ್ಲಾಡಿಸಿ ಕೇಳುವುದೆಲ್ಲ ದೇಹದ ಅಗತ್ಯವಲ್ಲ. ಬಹುಪಾಲು ನಾವೇ ಕಲಿಸಿದ ಚಪಲ. ಕೇಸರಿಬಾತಿನ ಒಣದ್ರಾಕ್ಷಿಯನ್ನು ಅದು ಆಸೆಯಿಂದಲೇ ತಿನ್ನುತ್ತದೆ. ಆದರೆ ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯ ನಮ್ಮ ಹೆಮ್ಮೆಯ ಬೆಂಗಳೂರು ನೀಲಿ ದ್ರಾಕ್ಷಿಗೂ ಇದರಲ್ಲಿ ವಿನಾಯಿತಿಯಿಲ್ಲ. ಎಷ್ಟು ತಿಂದರೆ ಅಪಾಯವೆಂದು ಮೊದಲೇ ಹೇಳಲಾಗದು. ಒಂದು ನಾಯಿ ತಾಳಿಕೊಂಡದ್ದನ್ನು ಇನ್ನೊಂದು ತಾಳದು. ಈರುಳ್ಳಿ, ಬೆಳ್ಳುಳ್ಳಿಗಳು ಬೇಯಿಸಿದರೂ ಅದರ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಚಾಕೊಲೇಟು, ಸಕ್ಕರೆರಹಿತ ಮಿಠಾಯಿಯ ಕ್ಸೈಲಿಟಾಲ್ ಕೂಡ ವಿಷವೇ. "ಮನೆಯದು" ಎಂಬ ಪದಕ್ಕೆ ವಿಷ ಇಳಿಸುವ ಶಕ್ತಿಯಿಲ್ಲ.

ಹಾಗೆಂದು ಅಂಗಡಿಯ ಬಣ್ಣದ ಪೊಟ್ಟಣಗಳ ಪರವಾಗಿ ನಾನು ವಕಾಲತ್ತು ವಹಿಸುತ್ತಿಲ್ಲ. ರಾಗಿಹಿಟ್ಟಿಗೆ ಬೇಯಿಸಿದ ಸಿಹಿಗೆಣಸು, ಒಂದು ಮೊಟ್ಟೆ ಸೇರಿಸಿ, ಉಪ್ಪು ಬೆಲ್ಲ ಹಾಕದೆ ತಟ್ಟಿ ಬೇಯಿಸಿ. ದಿನದ ಆಹಾರದ ಹತ್ತರಲ್ಲೊಂದು ಪಾಲು ಮೀರದಂತೆ ಕೊಡಿ.

ನಿಜವಾಗಿ ದೇಹದ ಮಾತು ಕೇಳಬೇಕೆಂದಿದ್ದರೆ, ನಾಯಿ ಬೇಡವೆಂದಾಗ ಕೇಳಿ. ಹೊಟ್ಟೆ ಕೆಟ್ಟರೆ ಅದು ತಟ್ಟೆಯಿಂದ ಮುಖ ತಿರುಗಿಸುತ್ತದೆ. (ಸಕ್ಕರೆ ಕಾಯಿಲೆಯಿದ್ದೂ ಮದುವೆಮನೆಯಲ್ಲಿ ಎರಡನೆಯ ಹೋಳಿಗೆ ಬಡಿಸಿಕೊಳ್ಳುವ ನಮ್ಮ ಬಂಧುಗಳಿಗೆ ಅಷ್ಟು ವಿವೇಕವಿಲ್ಲ.) ಆಗ ತುಪ್ಪ ಸವರಿ ಒತ್ತಾಯಿಸುವುದು ಪ್ರೀತಿಯಲ್ಲ. ದಿನ ಕಳೆದರೂ ತಿನ್ನದಿದ್ದರೆ, 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಮಗೆ ಹತ್ತಿರದಲ್ಲೇ ಇದೆ. ದ್ರಾಕ್ಷಿ ತಿಂದಿದ್ದರಂತೂ ಲಕ್ಷಣಗಳಿಗಾಗಿ ಕಾಯಬೇಡಿ. ಆ ಕ್ಷಣವೇ ಹೊರಡಿ.