ಆ ರಿಜಿಸ್ಟರು ಇನ್ನೂ ಮುಚ್ಚಿಲ್ಲ

2023ರ ಜುಲೈ 10ರಂದು ಹಂಪಿಯಲ್ಲಿ ಜಿ-20 ದೇಶಗಳ ಪ್ರತಿನಿಧಿಗಳ ಮುಂದೆ ಲಂಬಾಣಿ ಕಸೂತಿಯ 1,755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶನಕ್ಕಿಟ್ಟರು. ಅದು ಗಿನ್ನೆಸ್ ದಾಖಲೆಯಾಯಿತು. ಅದರ ಹಿಂದಿದ್ದದ್ದು ಸಂಡೂರು ಕುಶಲ ಕಲಾ ಕೇಂದ್ರದ ಕೈಗಳು, 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳ ಸೂಜಿ ದಾರ. ನಾವೆಲ್ಲ ಹೆಮ್ಮೆಯಿಂದ ‘ನಮ್ಮ ಸಂಡೂರು’ ಎಂದು ಸ್ಟೇಟಸ್ ಹಾಕಿಕೊಂಡೆವು. ಅದೇ ಮೊಬೈಲಿನಲ್ಲಿ ಲಂಬಾಣಿ ಬ್ಯಾಂಕಿಗೆ ಹೋದ ಜೋಕು, ಲಂಬಾಣಿ ಆಸ್ಪತ್ರೆಗೆ ಹೋದ ಜೋಕು ಆಗಲೂ ಇದ್ದವು, ಈಗಲೂ ಇವೆ. ಎಲ್ಲದರಲ್ಲೂ ಅವನು ಒಂದೋ ದಡ್ಡ, ಇಲ್ಲವೇ ಕಳ್ಳ, ಅದೂ ಇಲ್ಲವೆಂದರೆ ಕುಡುಕ. ಮನೆಯಲ್ಲಿ ಮಗಳು ನಾಲ್ಕು ಬಣ್ಣ ಹೆಚ್ಚಿರುವ ಲಂಗ ತೊಟ್ಟರೆ ‘ಏನವ್ವ ಇದು, ಲಂಬಾಣೇರಂಗ ಕಾಣ್ತೀಯಲ್ಲ’ ಎನ್ನುವ ತಾಯಂದಿರಿಗೂ ಬರವಿಲ್ಲ. ಆ ಬಟ್ಟೆಯ ಮೇಲಿನ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ತೊಟ್ಟವಳಿಗೆ ಇನ್ನೂ ಸಿಕ್ಕಿಲ್ಲ.

‘ತಮಾಷೆಗೆ ಅಂದದ್ದು ಬಿಡ್ರಿ’ ಎನ್ನುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆ ಮಾತನ್ನು ನಾನು ನಂಬುತ್ತೇನೆ. ಹೇಳುವವರಲ್ಲಿ ಬಹುತೇಕರಿಗೆ ಯಾರನ್ನೂ ನೋಯಿಸುವ ಉದ್ದೇಶ ಇರುವುದಿಲ್ಲ. ನನ್ನ ತಕರಾರು ಅವರ ಉದ್ದೇಶದ ಮೇಲಲ್ಲ, ಆ ಜೋಕು ಅವರ ಬಾಯಿಂದ ಹೊರಬಿದ್ದ ಮೇಲೆ ಮಾಡುವ ಕೆಲಸದ ಮೇಲೆ.

ಸಂಡೂರು ತಾಲ್ಲೂಕಿನ ನಮ್ಮ ದೋಣಿಮಲೈ ಇದನ್ನು ಯೋಚಿಸಲು ತಕ್ಕ ಊರು. 1977ರಲ್ಲಿ ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿ ಇಲ್ಲಿ ಅದಿರು ತೆಗೆಯಲು ಆರಂಭಿಸಿದ ಮೇಲೆ ಈ ಗುಡ್ಡಗಳ ನಡುವೆ ಒಂದು ಪುಟ್ಟ ಭಾರತವೇ ಬಂದು ನೆಲೆಸಿತು. ಕಂಪನಿಯ ಬೈಲಾಡಿಲ ಗಣಿಯಿಂದ ವರ್ಗವಾಗಿ ಬಂದವರಿದ್ದಾರೆ. ತೆಲುಗರು, ತಮಿಳರು, ಒಡಿಶಾದವರು, ಬಿಹಾರದವರು ಇದ್ದಾರೆ. ಕ್ವಾರ್ಟರ್ಸಿನ ಒಂದೇ ಸಾಲಿನಲ್ಲಿ ಐದಾರು ಭಾಷೆಯ ಅಡುಗೆ ವಾಸನೆ. ಸುತ್ತಲಿನ ಲಂಬಾಣಿ ತಾಂಡಾಗಳಿಂದ ಕಂಟ್ರಾಕ್ಟ್ ಕೆಲಸಕ್ಕೆ ಬರುವವರೂ ಉಂಟು. ಹೀಗಿರುವಲ್ಲಿ ಒಬ್ಬರ ಮೇಲೊಬ್ಬರು ಜೋಕು ಕಟ್ಟದೆ ಇರುತ್ತಾರೆಯೇ? ಸರ್ದಾರ್ಜಿ ಜೋಕಿನ ಪುಸ್ತಕ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಬರುತ್ತದೆ, ಬಿಹಾರಿಯ ಜೋಕು ಕ್ಯಾಂಟೀನಿನಲ್ಲಿ ಹುಟ್ಟುತ್ತದೆ.

‘ಎಲ್ಲರ ಮೇಲೂ ಇರುವಾಗ ಲಂಬಾಣಿಗಳ ಮೇಲಿನದ್ದಷ್ಟೇ ಯಾಕೆ ಎತ್ತುತ್ತೀರಿ?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಬಳ್ಳಾರಿ ಸೀಮೆಯ ನಮ್ಮನ್ನೂ ನಗೆಪಾಟಲು ಮಾಡುವವರಿದ್ದಾರೆ. ನಮ್ಮ ತೆಲುಗು ಬೆರೆತ ಕನ್ನಡ, ನಮ್ಮ ಬಿಸಿಲು, ನಮ್ಮ ಕೆಂಪು ಧೂಳು ಬೆಂಗಳೂರಿನವರಿಗೆ ಒಳ್ಳೆಯ ಸರಕು. ಉತ್ತರದ ಜಿಲ್ಲೆಗಳ ಮಾತನ್ನು ಕಾಮಿಡಿಗೆಂದೇ ಮೀಸಲಿಟ್ಟ ಸಿನಿಮಾಗಳನ್ನು ನೋಡಿ ನಾವು ಸಿಡಿಮಿಡಿಗೊಂಡದ್ದೂ ಇದೆ. ಲಂಬಾಣಿಗಳು ಕೂಡ ಹೊರಗಿನವರಾದ ನಮ್ಮನ್ನು ‘ಕೋರ್’ ಎಂದು ಕರೆದು ತಮ್ಮ ಗೋರ್ ಬೋಲಿಯಲ್ಲಿ ನಗುವುದುಂಟು, ನಗಲಿ. ಆದರೆ ಬೆಂಗಳೂರಿನವನು ನಮ್ಮ ಮಾತಿಗೆ ನಕ್ಕ ಮಾರನೆಯ ದಿನ ಪೊಲೀಸರು ನಮ್ಮ ಮನೆಗೆ ಬರುವುದಿಲ್ಲ. ತಾಂಡಾದವರು ನಕ್ಕರೆ ನಮಗೆ ಬಾಡಿಗೆ ಮನೆ ತಪ್ಪುವುದಿಲ್ಲ. ಅವರ ಮೇಲೆ ನಾವು ನಕ್ಕಾಗ ಮಾತ್ರ ಲೆಕ್ಕ ಬೇರೆ. ಯಾಕೆ ಬೇರೆ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎತ್ತುಗಳ ಬೆನ್ನಿಗೆ ಉಪ್ಪು, ಧಾನ್ಯ ಹೇರಿಕೊಂಡು ಸಮುದ್ರ ತೀರದಿಂದ ಒಳನಾಡಿಗೆ, ಒಂದು ಸೈನ್ಯದ ಬಿಡಾರದಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದವರು ಬಂಜಾರರು, ಅಂದರೆ ಈ ಲಂಬಾಣಿಗಳೇ. ಮೊಗಲರ ದಂಡಿಗೂ ಅವರೇ ಬೇಕಿತ್ತು. 1791-92ರಲ್ಲಿ ಟಿಪ್ಪುವಿನ ಮೇಲೆ ಏರಿಬಂದ ಕಾರ್ನ್‌ವಾಲಿಸನ ಸೈನ್ಯ ಹಸಿವಿನಿಂದ ಸಾಯದೆ ಉಳಿದದ್ದರಲ್ಲೂ ಅವರ ಎತ್ತುಗಳ ಪಾಲಿದೆ. ಆಮೇಲೆ ರೈಲು ಬಂತು, ಉಪ್ಪು ಸರ್ಕಾರದ ಹಿಡಿತಕ್ಕೆ ಹೋಯಿತು. ಎತ್ತುಗಳಿಗೆ ಹೇರಲು ಏನೂ ಉಳಿಯಲಿಲ್ಲ. ನೆಲೆ ಇಲ್ಲದೆ ಓಡಾಡುವ ಮಂದಿಯನ್ನು ಕಂಡರೆ ಕಂದಾಯದ ಅಧಿಕಾರಿಗೆ ಅನುಮಾನ. 1871ರಲ್ಲಿ ಬ್ರಿಟಿಷರು ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’ ತಂದರು. ಕಳ್ಳತನ ಮಾಡಿದವನನ್ನು ಹಿಡಿಯುವ ಕಾಯ್ದೆ ಅಲ್ಲ ಅದು, ಹುಟ್ಟಿನಿಂದಲೇ ಇವರು ಕಳ್ಳರು ಎಂದು ಇಡೀ ಸಮುದಾಯದ ಹೆಸರನ್ನು ರಿಜಿಸ್ಟರಿನಲ್ಲಿ ಬರೆದಿಡುವ ಕಾಯ್ದೆ. ಹೆಸರು ಬಿದ್ದವರು ಠಾಣೆಗೆ ಹಾಜರಿ ಕೊಡಬೇಕು, ಊರು ಬಿಡಲು ಪಾಸು ಪಡೆಯಬೇಕು. ಬೇರೆ ಬೇರೆ ಪ್ರಾಂತ್ಯಗಳಲ್ಲಿ ಬೇರೆ ಬೇರೆ ಅಲೆಮಾರಿಗಳ ಹೆಸರುಗಳು ಅದಕ್ಕೆ ಸೇರಿದವು. ಹಲವು ಕಡೆ ಬಂಜಾರರ ಹೆಸರೂ ಸೇರಿತು, ನಮ್ಮ ಸೀಮೆಯ ಕೊರಚರ ಹೆಸರೂ ಸೇರಿತು.

ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರ ಆಗಸ್ಟ್ 31ರಂದು, ಆ ಕಾಯ್ದೆಯ ಹಣೆಪಟ್ಟಿ ಕಳಚಿತು. ದೇಶದ ಉಳಿದವರಿಗೆ ಆಗಸ್ಟ್ 15 ಇದ್ದಂತೆ ಹಲವು ಸಮುದಾಯಗಳಿಗೆ ಈ ದಿನ. ಆದರೂ ಅದರ ಕಲೆ ಹೋಗಿರಲಿಲ್ಲ. ಜೈಲು ಕೈಪಿಡಿಗಳಲ್ಲಿ ಉಳಿದಿದ್ದ ಜಾತಿಯ ಕಾಲಂಗಳನ್ನೂ, ವಿಮುಕ್ತ ಬುಡಕಟ್ಟುಗಳವರನ್ನು ‘ರೂಢಿಗತ ಅಪರಾಧಿ’ಗಳ ಸಾಲಿಗೆ ಸೇರಿಸುವ ಮಾತುಗಳನ್ನೂ ತೆಗೆಯಿರಿ ಎಂದು ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂದದ್ದು 2024ರ ಅಕ್ಟೋಬರಿನಲ್ಲಿ.

ಸರ್ಕಾರ ಮುಚ್ಚಿದ ಆ ರಿಜಿಸ್ಟರನ್ನು ಮುಚ್ಚದೆ ಇಟ್ಟುಕೊಂಡಿರುವುದು ನಮ್ಮ ಜೋಕು. ನನಗೆ ಹೇಳಬೇಕಿರುವುದು ಇದೊಂದೇ. ಲಂಬಾಣಿಯೊಬ್ಬ ಕದ್ದ ಎಂಬ ಜೋಕಿಗೆ ನಗು ಬರಬೇಕಾದರೆ ‘ಲಂಬಾಣಿ ಅಂದರೆ ಕಳ್ಳ’ ಎಂಬುದು ಹೇಳುವವನಿಗೂ ಕೇಳುವವನಿಗೂ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದ ಎಳೆಯ ಮಗುವಿಗೆ ಆ ಜೋಕು ಅರ್ಥವಾಗುವುದಿಲ್ಲ. ಅದು ‘ಯಾಕಪ್ಪಾ ನಗ್ತೀರಿ?’ ಎಂದು ಕೇಳುತ್ತದೆ, ನಾವು ಬಿಡಿಸಿ ಹೇಳುತ್ತೇವೆ. ಹೀಗೆ 1871ರ ಪಾಠ ಇನ್ನೊಂದು ತಲೆಮಾರಿಗೆ ದಾಟುತ್ತದೆ. ಯಾವ ಪೊಲೀಸು, ಯಾವ ಕಲೆಕ್ಟರು ಇಷ್ಟು ಚೆನ್ನಾಗಿ ಪಾಠ ಮಾಡಿಯಾರು?

ಕಳ್ಳತನದ ಮಾತು ಬಂದದ್ದರಿಂದ ಒಂದು ಹಳೆಯ ಲೆಕ್ಕ ನೆನಪಿಸುತ್ತೇನೆ. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ರಾಜ್ಯದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಎಂದು ಅದರಲ್ಲಿತ್ತು. ಅದರ ಬೆನ್ನಿಗೇ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಉಕ್ಕಿನ ಕಾರ್ಖಾನೆಗಳಿಗೆ ಬೇಕಲ್ಲ ಎಂದು ಎನ್‌ಎಂಡಿಸಿಗೆ ಮಾತ್ರ ತಿಂಗಳಿಗೆ ಹತ್ತು ಲಕ್ಷ ಟನ್ ತೆಗೆಯಲು ಬಿಟ್ಟಿತು. ಈ ನೆಲ ಕಂಡ ಅತಿ ದೊಡ್ಡ ಕಳವು ಅದು. ಲಾರಿಗಳ ಸಾಲು ನಮ್ಮ ಕಣ್ಣ ಮುಂದೆಯೇ ಹೋಯಿತು, ಗುಡ್ಡದ ಗುಡ್ಡವೇ ಹೋಯಿತು. ಅದರಲ್ಲಿ ಹೆಸರು ಬಂದವರ ಜಾತಿಯನ್ನಿಟ್ಟುಕೊಂಡು ‘ಆ ಜಾತಿಯವರೆಂದರೆ ಕಳ್ಳರು’ ಎಂಬ ಜೋಕು ಯಾರಾದರೂ ಕಟ್ಟಿದರೇ? ಇಲ್ಲ, ಕಟ್ಟಲೂಬಾರದು. ಅವರು ಬಿಡಿ ಬಿಡಿ ಮನುಷ್ಯರು, ಅವರವರ ತಪ್ಪು ಅವರವರದು ಎಂದು ನಮಗೆ ಸಹಜವಾಗಿಯೇ ತೋಚಿತು. ಸೌದೆ ಹೊರೆ ಹೊತ್ತು ಬರುವ ತಾಂಡಾದ ಹೆಂಗಸಿನ ವಿಷಯದಲ್ಲಿ ಮಾತ್ರ ಇದು ತೋಚುವುದಿಲ್ಲ. ಸಂಡೂರಿನ ಜೋಕಿನಲ್ಲಿ ಇವತ್ತಿಗೂ ಕಳ್ಳನೆಂದರೆ ಲಂಬಾಣಿಯೇ. ಇದಕ್ಕಿಂತ ದೊಡ್ಡ ಜೋಕು ಬೇಕೇ?

ಇನ್ನೊಂದು ಸಮರ್ಥನೆಯನ್ನು ಎಲ್ಲರೂ ಕೇಳಿರುತ್ತೀರಿ: ‘ನಮ್ಮ ಜೊತೆ ಕೆಲಸ ಮಾಡುವ ನಾಯ್ಕನೇ ನಗ್ತಾನ್ರೀ, ನಿಮಗೇನು ಕಷ್ಟ?’ ನಗುತ್ತಾನೆ, ನಿಜ. ಅವನ ಗೇಟ್ ಪಾಸು ಕಂಟ್ರಾಕ್ಟರನ ಕೈಯಲ್ಲಿದೆ, ಕಂಟ್ರಾಕ್ಟರ್ ನಿಮ್ಮ ಸ್ನೇಹಿತ. ಮಳೆ ಕೈಕೊಟ್ಟರೆ ಕಬ್ಬು ಕಡಿಯಲು ಮಂಡ್ಯದ ಕಡೆಗೋ, ಕಾಫಿ ತೋಟಕ್ಕೋ ಗುಳೆ ಹೋಗುವ ಮನೆಯಿಂದ ಬಂದವನಿಗೆ ಈ ಕೆಲಸ ಎಷ್ಟು ಬೆಲೆಯದೆಂದು ಗೊತ್ತು. ಟೀ ಹೊತ್ತಿನಲ್ಲಿ ಆರು ಜನ ನಗುವಾಗ ಏಳನೆಯವನು ಮುಖ ಗಂಟಿಕ್ಕಿದರೆ ‘ಇವನಿಗೆ ಭಾರೀ ಸೊಕ್ಕು’ ಎನ್ನುತ್ತೀರಿ. ಆದ್ದರಿಂದ ಅವನು ನಗುತ್ತಾನೆ. ಆ ನಗುವನ್ನು ಒಪ್ಪಿಗೆಯ ಸಹಿ ಎಂದು ತಿಳಿಯಬೇಡಿ. ಕೆಲವು ಸಲ ಅವನೇ ಮುಂದಾಗಿ ತನ್ನ ಜನರ ಜೋಕು ಹೇಳುವುದನ್ನೂ ಕಂಡಿದ್ದೇನೆ. ಹೇಗೂ ಬೀಳುವ ಏಟನ್ನು ತಾನೇ ಹೊಡೆದುಕೊಂಡರೆ ಜೋರು ಕಡಿಮೆ ಎಂಬ ಲೆಕ್ಕ ಅದು.

ಹಾಗಾದರೆ ನಗುವುದನ್ನೇ ಬಿಡಬೇಕೇ? ನಮ್ಮ ಸೀಮೆಯಲ್ಲಿ ಹುಟ್ಟಿದವರ ಮುಂದೆ ಈ ಪ್ರಶ್ನೆ ಕೇಳಬಾರದು. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಹಾಸ್ಯ ಲೇಖಕ ಬೀಚಿ ಕನ್ನಡಿಗರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದರು. ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಲಂಚಕೋರರನ್ನು, ಡಾಂಭಿಕರನ್ನು, ಪುಢಾರಿಗಳನ್ನು ಗೇಲಿ ಮಾಡಿದರು. ತಮ್ಮ ಆತ್ಮಕಥೆಗೆ ‘ಭಯಾಗ್ರಫಿ’ ಎಂದು ಹೆಸರಿಟ್ಟು ಮೊದಲು ನಕ್ಕದ್ದು ತಮ್ಮನ್ನೇ ನೋಡಿ. ಅವರು ಸೃಷ್ಟಿಸಿದ ತಿಂಮ ಪೆದ್ದನಂತೆ ಕಂಡು ಜಾಣರ ಬಣ್ಣ ಬಯಲು ಮಾಡುವವನು. ನಮ್ಮ ಬಯಲಾಟದ ಸಾರಥಿಯೂ ಅಷ್ಟೇ, ರಾಜನ ಎದುರೇ ನಿಂತು ರಾಜನ ಕಾಲೆಳೆಯುತ್ತಾನೆ. ಆ ನಗೆಗೆ ಎದೆಗಾರಿಕೆ ಬೇಕು. ತಿರುಗಿ ಮಾತಾಡಲಾಗದವನ ಮೇಲೆ ನಗಲು ಏನು ಬೇಕು? ಏನೂ ಬೇಡ, ಅದಕ್ಕೇ ಅದು ಅಷ್ಟು ಅಗ್ಗ.

ಜೋಕು ಜೋಕಾಗಿಯೇ ಉಳಿಯುತ್ತದೆ ಎನ್ನುವವರು ಕರ್ನಾಟಕದಲ್ಲೇ ನಡೆದದ್ದನ್ನು ನೆನೆಯಲಿ. ಈಶಾನ್ಯ ರಾಜ್ಯಗಳ ಯುವಕರನ್ನು ಅವರ ಕಣ್ಣು, ಮೂಗಿಗಾಗಿ ಆಡಿಕೊಳ್ಳುವುದು ಬೆಂಗಳೂರಿಗೆ ಮಾಮೂಲಾಗಿತ್ತು. 2012ರ ಆಗಸ್ಟ್‌ನಲ್ಲಿ ಅವರ ಮೇಲೆ ದಾಳಿ ನಡೆಯುತ್ತದೆ ಎಂಬ ಸುಳ್ಳು ಸುದ್ದಿ ಹರಡಿದ್ದೇ ತಡ, ಸಾವಿರಾರು ಮಂದಿ ಗುವಾಹಟಿಯ ರೈಲು ಹತ್ತಿದರು. ಅಕ್ಕಪಕ್ಕದವರು ತಮ್ಮನ್ನು ಕಾಯುತ್ತಾರೆ ಎಂಬ ಭರವಸೆ ಇದ್ದಿದ್ದರೆ ಅಷ್ಟು ಜನ ಹೊರಡುತ್ತಿದ್ದರೇ? ದಿನವೂ ಆಡಿಕೊಂಡವರನ್ನು ಕಷ್ಟಕಾಲದಲ್ಲಿ ನಂಬುವುದು ಹೇಗೆ? 2016ರಲ್ಲಿ ಹೆಸರಘಟ್ಟದ ಬಳಿ ಸುಡಾನಿನವನೊಬ್ಬನ ಕಾರು ಮಹಿಳೆಯೊಬ್ಬರ ಜೀವ ತೆಗೆದಾಗ, ಅದಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು. ಗುಂಪಿನ ಕಣ್ಣಿಗೆ ಅವರೆಲ್ಲ ಒಂದೇ, ಜೋಕಿನಲ್ಲಿ ಇದ್ದಂತೆಯೇ. 2020ರ ಮಾರ್ಚ್‌ನಲ್ಲಿ ಮೈಸೂರಿನ ಅಂಗಡಿಯೊಂದು ನಾಗಾಲ್ಯಾಂಡಿನ ಇಬ್ಬರು ಯುವಕರನ್ನು ಒಳಗೆ ಬಿಡಲಿಲ್ಲ, ಅವರ ಮುಖ ನೋಡಿಯೇ. ಉಗ್ರಾಣದ ಬೀಗ ಹಾಕುವಾಗ ತಾಂಡಾದ ಹುಡುಗನತ್ತ ತಿರುಗುವ ನಮ್ಮ ಕಣ್ಣಿಗೂ ಅಂಗಡಿಯವನ ಆ ಕಣ್ಣಿಗೂ ಏನು ವ್ಯತ್ಯಾಸ?

ಕಾನೂನು ನೋಡಿಕೊಳ್ಳಲಿ ಎನ್ನುವಂತಿಲ್ಲ. ಪರಿಶಿಷ್ಟರನ್ನು ಜಾತಿಯ ಕಾರಣಕ್ಕೆ ಸಾರ್ವಜನಿಕವಾಗಿ ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಶಿಕ್ಷೆಯಿದೆ, ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿಯವರು. ಆದರೆ ಟೀ ಅಂಗಡಿಯ ಬೆಂಚಿನ ಮೇಲಿನ ಪಿಸುನಗೆಗೆ ಯಾರು ಕೇಸು ಹಾಕುತ್ತಾರೆ? ಸರ್ದಾರ್ಜಿ ಜೋಕುಗಳನ್ನು ನಿಲ್ಲಿಸಿ ಎಂದು ಕೇಳಿದ್ದ ಅರ್ಜಿಯ ಬಗ್ಗೆ 2017ರಲ್ಲಿ ಸುಪ್ರೀಂ ಕೋರ್ಟು, ಜನರ ನಡತೆಗೆ ತಾನು ನೀತಿ ನಿಯಮ ಬರೆದುಕೊಡಲಾಗದು ಎಂದುಬಿಟ್ಟಿತು. ಸರಿಯಾಗಿಯೇ ಹೇಳಿತು ಎಂದು ನನಗನಿಸುತ್ತದೆ. ನಾವು ಯಾವುದಕ್ಕೆ ನಗಬೇಕು ಎಂಬುದನ್ನು ದೆಹಲಿಯಿಂದ ಬರೆದು ಕಳಿಸುವುದು ಬೇಡ. ಆ ಕೆಲಸ ನಮ್ಮ ಆತ್ಮಸಾಕ್ಷಿಯದು, ಮತ್ತು ಅದು ಬಹಳ ದಿನದಿಂದ ರಜೆಯಲ್ಲಿದೆ.

ಮೇಷ್ಟ್ರುಗಳೇ, ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಲಂಬಾಣಿ ವೇಷ ಹಾಕಿಸಿ ಕುಣಿಸುತ್ತೀರಿ, ಚಪ್ಪಾಳೆ ಬೀಳುತ್ತದೆ. ಅದೇ ತರಗತಿಯಲ್ಲಿ ತಾಂಡಾದ ಹುಡುಗಿಯ ಮಾತಿನ ಧಾಟಿಯನ್ನು ಮಕ್ಕಳು ಅಣಕಿಸಿದಾಗ ಸುಮ್ಮನಿರಬೇಡಿ. 2011ರ ಜನಗಣತಿಯಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ತಾಯ್ನುಡಿ ಎಂದು ಬರೆಸಿದ ಭಾಷೆ ಅದು (ಸರ್ಕಾರ ಅದನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿಕೊಂಡದ್ದು ಇನ್ನೊಂದು ಕಥೆ). ಒಂದು ದಿನ ಸುಶೀಲಾನಗರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ, ಆ ಕಸೂತಿ ಹಾಕುವ ಅಜ್ಜಿಯರ ಎದುರು ಕೂರಿಸಿ. ರಸಮಂಜರಿಯ ನಿರೂಪಕರೇ, ಮಿಮಿಕ್ರಿ ಕಲಾವಿದರೇ, ನಿಮ್ಮ ಕಸುಬಿಗೆ ರಾಜಕಾರಣಿಗಳ ಕೊರತೆ ಬಂದಿದೆಯೇ? ಗ್ರೂಪ್ ಅಡ್ಮಿನ್‌ಗಳೇ, ಒಂದು ಬೆರಳಿನ ಕೆಲಸ, ಅಳಿಸಿ. ಯೂನಿಯನ್ನಿನ ಮುಂದಾಳುಗಳೇ, ಬೋನಸ್ಸಿಗಾಗಿ ಗೇಟಿನ ಮುಂದೆ ಕೂರುವ ನಿಮಗೆ ಕಂಟ್ರಾಕ್ಟ್ ಕಾರ್ಮಿಕನ ಮಾನವೂ ಬೇಡಿಕೆಯ ಪಟ್ಟಿಯಲ್ಲಿರಲಿ.

ಉಳಿದವರಲ್ಲಿ ನಾನು ಕೇಳುವುದು ಜಗಳವನ್ನಲ್ಲ, ಭಾಷಣವನ್ನೂ ಅಲ್ಲ. ಬರುವ ಗಣೇಶನ ಹಬ್ಬಕ್ಕೆ ಕಾಲೊನಿಯ ಪೆಂಡಾಲಿನಲ್ಲಿ ಯಾರಾದರೂ ಮೈಕು ಹಿಡಿದು ಆ ಧ್ವನಿ ತೆಗೆದು ‘ಒಬ್ಬ ಲಂಬಾಣಿ ಇದ್ದನಂತೆ’ ಎಂದು ಶುರು ಮಾಡಿದರೆ ನಗಬೇಡಿ. ಪಕ್ಕದವರು ನಕ್ಕರೂ ನಗಬೇಡಿ. ಅವನು ಇಳಿದು ಬಂದ ಮೇಲೆ ಹೆಗಲ ಮೇಲೆ ಕೈಯಿಟ್ಟು ಹೇಳಿ: ‘ತಮ್ಮಾ, ಇದು ನಮ್ಮೂರಾಗ ಬ್ಯಾಡ.’