ನೋಂಬಿನ ಮೊದಲು ಡಾಕ್ಟರ್ ಬಳಿ ಹೋಗಿ

ಕಳೆದ ರಮಝಾನಿನಲ್ಲಿ ಅಸರ್ ಹೊತ್ತಿಗೆ ನನ್ನ ಉಮ್ಮ ಬೆವರಿ, ಕೈ ನಡುಗಿ ಕುಸಿದರು. ಶುಗರಿನ ಮಾತ್ರೆ ಎಂದಿನಂತೆ ನುಂಗಿದ್ದರು, ಸಹರಿಗೆ ಮಾತ್ರ ಬರೀ ಚಹಾ. ರಕ್ತ ಪರೀಕ್ಷಿಸಿದರೆ ನೋಂಬು ಮುರಿಯುತ್ತದೆಂಬ ಹೆದರಿಕೆ ಬೇರೆ. ಮುರಿಯುವುದಿಲ್ಲ, ನಿಮ್ಮ ಉಸ್ತಾದರನ್ನೇ ಕೇಳಿ.

13 ದೇಶಗಳ 12 ಸಾವಿರಕ್ಕೂ ಹೆಚ್ಚು ಮಧುಮೇಹಿಗಳ ಎಪಿಡಯಾರ್ ಅಧ್ಯಯನ 2004ರಲ್ಲೇ ಪ್ರಕಟವಾಗಿದೆ. ಟೈಪ್ 2 ಇರುವವರಲ್ಲಿ ಶುಗರ್ ತೀರಾ ಕೆಳಗಿಳಿಯುವ ಪ್ರಸಂಗಗಳು ರಮಝಾನಿನಲ್ಲಿ ಸುಮಾರು 7 ಪಟ್ಟು ಹೆಚ್ಚಿದ್ದವು. ನೋಂಬು ಬಿಡಿ ಎನ್ನುತ್ತಿಲ್ಲ. ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಬೇಕೇ ಎಂದು ತಿಂಗಳ ಮೊದಲೇ ಡಾಕ್ಟರನ್ನು ಕೇಳಿ. 70ಕ್ಕಿಂತ ಇಳಿದರೆ ತಕ್ಷಣ ನೋಂಬು ಬಿಡಿ. ರೋಗಿಗೆ ರಿಯಾಯಿತಿ ಕುರ್‌ಆನಿನಲ್ಲೇ ಇದೆ.

ಇಫ್ತಾರಿನ ಸಮೋಸಕ್ಕೆ ಕಾಸರಗೋಡು ಪೇಟೆಯೆಲ್ಲ ಸುತ್ತುವ ನಮಗೆ ಉಮ್ಮನನ್ನು ಕರೆದೊಯ್ಯಲು ಒಂದು ಬೆಳಿಗ್ಗೆ ಸಿಗುವುದಿಲ್ಲವೇ?