ಬ್ರೇಕಿಗೂ ರೋಗನಿದಾನ ಬೇಕು

ರೋಗದ ಮೂಲವನ್ನು ತಿಳಿಯದೆ ಔಷಧ ಕೊಡುವ ವೈದ್ಯನನ್ನು ನಾವು ನಂಬುವುದಿಲ್ಲ. ಆದರೆ ನಮ್ಮನ್ನು ಹೊತ್ತು ಓಡುವ ಮೋಟಾರು ಸೈಕಲ್ಲಿನ ಬ್ರೇಕು ಕೆಟ್ಟಾಗ ಅಂಥದೇ ಚಿಕಿತ್ಸೆಗೆ ಸುಮ್ಮನೆ ಒಪ್ಪುತ್ತೇವೆ. ಮೊದಲು ಪ್ಯಾಡನ್ನು ಬದಲಾಯಿಸುವುದು, ಗುಣವಾಗದಿದ್ದರೆ ಸಿಲಿಂಡರನ್ನು ಬದಲಾಯಿಸುವುದು. ಹಣ ಖರ್ಚಾಗುತ್ತದೆ, ದೋಷ ಉಳಿಯುತ್ತದೆ. ಊಹೆಯಿಂದ ಬಿಡಿಭಾಗಗಳನ್ನು ಬದಲಾಯಿಸುವುದು ರಿಪೇರಿಯೇ ಅಲ್ಲವೆಂಬುದು ನಮ್ಮ ಅಭಿಪ್ರಾಯ.

ಮೈಸೂರಿನಲ್ಲಿ 1996ರವರೆಗೆ ತಯಾರಾಗುತ್ತಿದ್ದ ಜಾವಾ, ಯೆಜ್ದಿ ಗಾಡಿಗಳ ಮುಂದಿನ ಬ್ರೇಕನ್ನು ಉಕ್ಕಿನ ತಂತಿಯೊಂದು ಎಳೆಯುತ್ತಿತ್ತು. ತಂತಿ ಸಡಿಲವಾದರೆ ಕಣ್ಣಿಗೇ ಕಾಣುತ್ತಿತ್ತು. 1969ರ ಹೋಂಡಾ ಸಿಬಿ 750 ದ್ರವದಿಂದ ನಡೆಯುವ ಡಿಸ್ಕ್ ಬ್ರೇಕನ್ನು ಜನಸಾಮಾನ್ಯರ ಗಾಡಿಗೆ ತಂದಿತು. ನಮ್ಮ ದೇಶದಲ್ಲಿ 1999ರ ಹೀರೋ ಹೋಂಡಾ ಸಿಬಿಜಡ್ ಅದನ್ನು ಯುವಕರಿಗೆ ಪರಿಚಯಿಸಿತು. ಆ ಕಾಲದ ಗಾಡಿಗಳಿಗೆ ಈಗ ವಯಸ್ಸಾಗಿದೆ. ಅವುಗಳಲ್ಲಿ ಬಲವನ್ನು ಸಾಗಿಸುವ ದ್ರವ ಕೊಳವೆಯೊಳಗೆ ಅಡಗಿರುವುದರಿಂದ, ಕಣ್ಣು ಮಾಡುತ್ತಿದ್ದ ಕೆಲಸವನ್ನು ಬುದ್ಧಿ ಮಾಡಬೇಕು.

ಇದಕ್ಕೆ ಬೇಕಾದ ತತ್ತ್ವ ಪಠ್ಯಪುಸ್ತಕದಲ್ಲೇ ಇದೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕುಗಳಿಗೂ ಕುಂದದೆ ಹರಡುತ್ತದೆಂದು ಬ್ಲೇಸ್ ಪಾಸ್ಕಲ್ (1623–1662) ತೋರಿಸಿಕೊಟ್ಟನು. ಹ್ಯಾಂಡಲಿನ ಬಳಿ ಇರುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ 14 ಮಿಲಿಮೀಟರ್, ಚಕ್ರದ ಬಳಿಯ ಕ್ಯಾಲಿಪರಿನ ಪಿಸ್ಟನ್ 42 ಮಿಲಿಮೀಟರ್ ವ್ಯಾಸದವು ಎಂದಿಟ್ಟುಕೊಳ್ಳೋಣ. ವ್ಯಾಸ 3 ಪಟ್ಟು, ವಿಸ್ತೀರ್ಣ 9 ಪಟ್ಟು. ಆದುದರಿಂದ ಬಲವೂ 9 ಪಟ್ಟು. ಆದರೆ ಪ್ರಕೃತಿ ಏನನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ದೊಡ್ಡ ಪಿಸ್ಟನ್ ಚಲಿಸುವ ದೂರ ಚಿಕ್ಕದರ ಒಂಬತ್ತನೆಯ ಒಂದು ಭಾಗ ಮಾತ್ರ. ಹೀಗಿರಲು, ದ್ರವದೊಳಗೆ ಒಂದು ಸಣ್ಣ ಗಾಳಿಗುಳ್ಳೆ ಸೇರಿದರೂ ಸಾಕು. ನಮ್ಮ ಕೈಬೆರಳಿನ ಒತ್ತಡ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ವ್ಯಯವಾಗುತ್ತದೆ.

ಲಕ್ಷಣಗಳನ್ನು ಇದೇ ದೃಷ್ಟಿಯಿಂದ ಪರಿಶೀಲಿಸೋಣ. ಲಿವರು ಮೆತ್ತಗಿದ್ದು, ಮತ್ತೆ ಮತ್ತೆ ಒತ್ತಿದಾಗ ಗಟ್ಟಿಯಾಗುವುದಾದರೆ ಒಳಗೆ ಗಾಳಿಯಿದೆಯೆಂದು ಶಂಕಿಸಬೇಕು. ಮೊದಲು ಗಟ್ಟಿಯಾಗಿದ್ದು, ಒತ್ತಿ ಹಿಡಿದಂತೆ ಮೆಲ್ಲಗೆ ಕುಸಿಯುತ್ತಿದ್ದರೆ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದು ದ್ರವ ಹಿಂದಕ್ಕೆ ನುಸುಳುತ್ತಿರಬಹುದು. ಇವೆರಡೂ ಬೇರೆ ಬೇರೆ ರೋಗಗಳು.

ಲಿವರನ್ನು ಬಿಟ್ಟ ಮೇಲೂ ಚಕ್ರ ಬಿಗಿಯಾಗಿಯೇ ಉಳಿದರೆ? ಇಲ್ಲಿ ಒಂದು ಸೊಗಸಾದ ಪ್ರಯೋಗವಿದೆ. ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ಕ್ಯಾಲಿಪರಿನ ಗಾಳಿ ತೆಗೆಯುವ ನಿಪ್ಪಲನ್ನು ತುಸು ಸಡಿಲಿಸಬೇಕು. ಆಗಲೂ ಚಕ್ರ ತಿರುಗದಿದ್ದರೆ ದೋಷ ಕ್ಯಾಲಿಪರಿನಲ್ಲೇ ಇದೆ. ಅನೇಕ ವೇಳೆ ಪಿಸ್ಟನ್ ತುಕ್ಕಿನಿಂದಲೋ ಕೊಳೆಯಿಂದಲೋ ಅಂಟಿಕೊಂಡಿರುತ್ತದೆ. ಚಕ್ರ ಬಿಡಿಸಿಕೊಂಡರೆ, ಒತ್ತಡ ಎಲ್ಲೋ ಸೆರೆಯಾಗಿತ್ತೆಂದು ಅರ್ಥ. ನಿಪ್ಪಲನ್ನು ಮುಚ್ಚಿ, ಮತ್ತೆ ಬ್ರೇಕು ಹಿಡಿಯುವಂತೆ ಮಾಡಿ, ಈಗ ಮಾಸ್ಟರ್ ಸಿಲಿಂಡರಿನ ಬಳಿಯ ಜೋಡಣೆಯನ್ನು ಸಡಿಲಿಸಬೇಕು. ಚಕ್ರ ಬಿಟ್ಟಿತೋ, ಹೋಸ್ ನಿರಪರಾಧಿ. ಸಿಲಿಂಡರಿನೊಳಗೆ ದ್ರವ ಹಿಂದಿರುಗುವ ಸೂಜಿಗಣ್ಣಿನಂಥ ರಂಧ್ರ ಕಟ್ಟಿರಬೇಕು. ಬಿಡಲಿಲ್ಲವೋ, ಹೋಸ್ ಒಳಗೇ ಊದಿಕೊಂಡು ದಾರಿ ಮುಚ್ಚಿದೆ. ಎರಡೇ ಪ್ರಶ್ನೆಗಳಿಂದ ಮೂವರು ಶಂಕಿತರಲ್ಲಿ ಅಪರಾಧಿ ಸಿಕ್ಕಿಬೀಳುತ್ತಾನೆ!

ಅನುಭವಿ ಮೆಕ್ಯಾನಿಕರಿಗೆ ಈ ತರ್ಕವೆಲ್ಲ ಬೇಕೆ ಎಂದು ಕೆಲವರು ಕೇಳಬಹುದು. ಒಳ್ಳೆಯ ಮೆಕ್ಯಾನಿಕ್ ಮಾಡುವುದೂ ಇದನ್ನೇ. ಬಹುಕಾಲದ ಅಭ್ಯಾಸದಿಂದ ತರ್ಕ ಅವನ ಕೈಗೆ ಇಳಿದಿರುತ್ತದೆ, ಅಷ್ಟೆ.

ಆದರೆ ಯಾವ ಪರೀಕ್ಷೆಗೂ ಸುಲಭವಾಗಿ ಸಿಕ್ಕದ ದೋಷವೊಂದಿದೆ. ಸಾಮಾನ್ಯ ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ, ಶೇಕಡ 3.7ರಷ್ಟು ನೀರು ಸೇರಿದ ಎಣ್ಣೆಗೆ ಆ ಮಿತಿ 155 ಡಿಗ್ರಿ ಮಾತ್ರ. ಊರೊಳಗಿನ ಸಮತಟ್ಟಾದ ರಸ್ತೆಯಲ್ಲಿ ಇಂಥ ಎಣ್ಣೆ ಯಾವ ದೂರಿಗೂ ಎಡೆಗೊಡದು. ಚಾರ್ಮಾಡಿಯಂಥ ಘಾಟಿಯನ್ನು ಇಳಿಯುವಾಗ ಬ್ರೇಕು ಎಡೆಬಿಡದೆ ಕಾದು, ಎಣ್ಣೆಯಲ್ಲಿ ಆವಿ ಹುಟ್ಟಿದರೆ, ಲಿವರು ನಿರೋಧವಿಲ್ಲದೆ ಹ್ಯಾಂಡಲಿಗೆ ತಾಗುತ್ತದೆ. ತಣ್ಣಗಾದ ಮೇಲೆ ಎಲ್ಲವೂ ಮೊದಲಿನಂತೆ! ಆದುದರಿಂದ ದೋಷ ಕಾಣಲೆಂದು ಕಾಯದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಎಣ್ಣೆಯನ್ನು ಬದಲಾಯಿಸಬೇಕು. ಮುಚ್ಚಳದ ಮೇಲೆ ನಮೂದಿಸಿದ ದರ್ಜೆಯನ್ನೇ ಬಳಸಬೇಕು. ಎಂಜಿನ್ ಎಣ್ಣೆ ಹಾಕಿದರೆ ರಬ್ಬರ್ ಊದಿ ಹಾಳಾಗುತ್ತದೆ.

ವಿದ್ಯಾರ್ಥಿಗಳೆಲ್ಲ ಸ್ಪ್ಯಾನರು ಹಿಡಿಯಬೇಕೆಂದು ನಾವು ಹೇಳುತ್ತಿಲ್ಲ. ಈ ಕೆಲಸವನ್ನು ಬಲ್ಲವರ ಎದುರಿನಲ್ಲೇ ಕಲಿಯಬೇಕು. ಜೋಡಣೆ ಸಡಿಲಿಸಿದ ಮೇಲೆ ಗಾಳಿಯನ್ನು ಪೂರ್ತಿಯಾಗಿ ತೆಗೆದು, ಲಿವರು ಕಲ್ಲಿನಂತೆ ನಿಲ್ಲುವವರೆಗೆ ಗಾಡಿಯನ್ನು ರಸ್ತೆಗೆ ಇಳಿಸಕೂಡದು. ಆದರೆ ರಿಪೇರಿ ಮಾಡುವವರನ್ನು "ದೋಷ ಇದರಲ್ಲೇ ಎಂದು ಹೇಗೆ ಗೊತ್ತಾಯಿತು?" ಎಂದು ವಿನಯದಿಂದ ಕೇಳುವ ಹಕ್ಕು ಎಲ್ಲರಿಗೂ ಇದೆ. ಪಾಸ್ಕಲನ ನಿಯಮವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದವರು ಅದೇ ನಿಯಮಕ್ಕೆ ಪ್ರತಿದಿನ ಪ್ರಾಣವನ್ನು ಒಪ್ಪಿಸಿ ಸವಾರಿ ಮಾಡುತ್ತಿದ್ದಾರೆ. ಅವರಾದರೂ ಈ ಪ್ರಶ್ನೆಯನ್ನು ಕೇಳಬೇಡವೆ?